ಖಾಲಿ ಹಾಳೆ ಮತ್ತು ಒಂದು ಸಿನಿಮಾ

ಮೊದಲ ಹಂತದ ಬೋಧನಾಭ್ಯಾಸದ ಎರಡನೇ ವಾರ. ಎಂಟನೇ ತರಗತಿಯ ಕನ್ನಡ ಶಿಕ್ಷಕರು ರಜೆಯಲ್ಲಿದ್ದುದರಿಂದ ಅವರ ಪೀರಿಯಡ್ ನನ್ನ ಪಾಲಿಗೆ ಬಂತು. ‘ಘರ್ಷಣೆ’ ಪಾಠ ಹಿಂದಿನ ದಿನವೇ ಮುಗಿದಿತ್ತು, ಮುಂದಿನ ಪಾಠ ಯೋಜನೆಗೆ ಇನ್ನೂ ಸಹಿ ಆಗಿರಲಿಲ್ಲ. ಏನು ಮಾಡಿಸುವುದೆಂದು ತೋಚದೆ ‘ನನ್ನೊಳಗಿನ ಪ್ರತಿಭೆ’ ಎಂದು ಕಪ್ಪುಹಲಗೆಯ ಮೇಲೆ ಬರೆದು, ಒಂದು ಪುಟ ಬರೆಯಿರಿ ಎಂದೆ. 41 ಹಾಳೆ ಬಂದವು. ಡ್ಯಾನ್ಸ್, ಕಬಡ್ಡಿ, ರಂಗೋಲಿ. ಒಬ್ಬ ಹುಡುಗನದು ಟ್ರ್ಯಾಕ್ಟರ್ ರಿವರ್ಸ್ ತೆಗೆಯುವುದು. ಒಂದು ಹಾಳೆಯಲ್ಲಿ ಮಾತ್ರ ಹೆಸರು, ತರಗತಿ, ದಿನಾಂಕ ಇದ್ದವು. ಕೆಳಗೆ ಏನೂ ಇರಲಿಲ್ಲ.

ಆ ಹುಡುಗಿಯನ್ನು ಹತ್ತಿರ ಕರೆದೆ. ಹಾಡ್ತೀಯಾ? ಇಲ್ಲ ಮಿಸ್. ಚಿತ್ರ? ಇಲ್ಲ. ಓಟ? ತಲೆ ಅಲ್ಲಾಡಿಸಿದಳು. ಎಲ್ಲರಲ್ಲೂ ಏನಾದರೊಂದು ಇದ್ದೇ ಇರುತ್ತದೆ, ಯೋಚನೆ ಮಾಡು ಎಂದು ಇಡೀ ತರಗತಿಗೆ ಕೇಳುವಂತೆ ಹೇಳಿ, ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸ್ ಕೊಟ್ಟೆ. ಅವಳು ಕೇಳಿದ್ದು ಒಂದೇ ಮಾತು: “ಇದಕ್ಕೆ ಮಾರ್ಕ್ಸ್ ಹೋಗುತ್ತಾ ಮಿಸ್?”

ಇಂಥ ಪ್ರಶ್ನೆ ನನ್ನ ತಲೆಗೆ ಬಂದದ್ದಕ್ಕೆ ಸಿನಿಮಾಗಳೇ ಕಾರಣ ಎಂದರೆ ಮಿತ್ರರು ನಗಬಹುದು. ಆದರೆ ನಮ್ಮ ಬ್ಯಾಚಿನಲ್ಲಿ ‘ತಾರೇ ಜಮೀನ್ ಪರ್’ ನೋಡದವರು ಯಾರಿದ್ದಾರೆ? 2007ರ ಆ ಚಿತ್ರ ಡಿಸ್ಲೆಕ್ಸಿಯಾ ಎಂಬ ಪದವನ್ನು ಮನೆಮನೆಗೆ ಮುಟ್ಟಿಸಿತು. ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಅದರ ಕೊನೆಯ ಭಾಗದ ಬಗ್ಗೆ. ಇಶಾನ್ ಚಿತ್ರಕಲಾ ಸ್ಪರ್ಧೆಯಲ್ಲಿ ಗೆಲ್ಲುತ್ತಾನೆ, ಅವನ ಚಿತ್ರ ಶಾಲೆಯ ಪುಸ್ತಕದ ಮುಖಪುಟಕ್ಕೆ ಬರುತ್ತದೆ, ಅಪ್ಪ ಅಮ್ಮನ ಕಣ್ಣಲ್ಲಿ ನೀರು. ಅವನಿಗೆ ಚಿತ್ರ ಬರೆಯಲು ಬಾರದೇ ಇದ್ದಿದ್ದರೆ? ಓದಲೂ ತಿಣುಕುವ, ಬಣ್ಣ ಹಚ್ಚಲೂ ಬಾರದ ಇಶಾನ್ ಆಗಿದ್ದರೆ ನಿಕುಂಭ್ ಸರ್ ಏನು ತೋರಿಸಿ ತಂದೆಯನ್ನು ಒಪ್ಪಿಸುತ್ತಿದ್ದರು? ಮನೆಮಂದಿ ಕೂತು ನೋಡುವ ‘ನಿನ್ನನ್ನು ನೀನು ಕಂಡುಕೋ’ ಮಾದರಿಯ ಚಿತ್ರಗಳಲ್ಲಿ ಮಗುವಿನೊಳಗೆ ಒಂದು ನಿಧಿ ಹೂತಿರುತ್ತದೆ. ಒಳ್ಳೆಯ ಶಿಕ್ಷಕ ಬಂದು ಅಗೆದರೆ ಸಾಕು. ನಾನೂ ಸಲಿಕೆ ಹಿಡಿದೇ ಶಾಲೆಗೆ ಹೋಗಿದ್ದೆ.

ಅದೇ ವಾರಾಂತ್ಯ ಹಾಸ್ಟೆಲಿನಲ್ಲಿ ಒಂದೇ ಲ್ಯಾಪ್‌ಟಾಪಿನ ಮುಂದೆ ಐದು ಜನ ಕೂತು ‘ಸೋಲ್’ ನೋಡಿದೆವು. ಪೀಟ್ ಡಾಕ್ಟರ್ ನಿರ್ದೇಶಿಸಿದ, 2020ರಲ್ಲಿ ಬಂದ ಪಿಕ್ಸಾರ್ ಅನಿಮೇಶನ್ ಚಿತ್ರ. ಕಥಾನಾಯಕ ಜೋ ಗಾರ್ಡ್ನರ್ ನ್ಯೂಯಾರ್ಕಿನ ಮಾಧ್ಯಮಿಕ ಶಾಲೆಯೊಂದರ ಬ್ಯಾಂಡ್ ಶಿಕ್ಷಕ. ಚಿತ್ರ ಶುರುವಾಗುವುದೇ ತರಗತಿಯಲ್ಲಿ, ಅಪಶ್ರುತಿಯಲ್ಲಿ. ಅಂದೇ ಅವನ ಕೆಲಸ ಪೂರ್ಣಾವಧಿಯಾಗುತ್ತದೆ: ಭದ್ರತೆ, ವಿಮೆ, ಪಿಂಚಣಿ. ಟೈಲರಿಂಗ್ ಅಂಗಡಿ ನಡೆಸುವ ಅವನ ಅಮ್ಮನಿಗೆ ಹಿಗ್ಗು. ಜೋಗೆ ಮಾತ್ರ ಎದೆಯ ಮೇಲೆ ಕಲ್ಲಿಟ್ಟಂತೆ, ಏಕೆಂದರೆ ತಾನು ಹುಟ್ಟಿದ್ದೇ ಜಾಝ್ ಪಿಯಾನೋ ನುಡಿಸಲು ಎಂದು ಅವನ ನಂಬಿಕೆ.

ಆ ದೃಶ್ಯದಲ್ಲಿ ನಾನು ಯಾರ ಮುಖವನ್ನೂ ನೋಡಲಿಲ್ಲ. ಎಂ.ಎಸ್ಸಿ. ಭೌತಶಾಸ್ತ್ರದ ಸೀಟಿಗೆ ಎರಡು ವರ್ಷ ಪ್ರಯತ್ನಿಸಿ, ಸಿಗದೆ, ಟ್ಯೂಷನ್ ಹೇಳಿಕೊಂಡಿದ್ದು ಆಮೇಲೆ ಬಿ.ಎಡ್.ಗೆ ಬಂದವಳು ನಾನು. ‘ಹೆಣ್ಣುಮಕ್ಕಳಿಗೆ ಟೀಚರ್ ಕೆಲಸ ಒಳ್ಳೆಯದು’ ಎಂದದ್ದು ಮನೆಯವರು. ಕಾಲೇಜಿನ ಮೊದಲ ದಿನ ಎಲ್ಲರೂ ಎದ್ದು ನಿಂತು ‘ಶಿಕ್ಷಕಿಯಾಗುವುದು ಚಿಕ್ಕಂದಿನ ಕನಸು’ ಎಂದಾಗ ನಾನೂ ಎದ್ದು ಅದನ್ನೇ ಹೇಳಿದೆ. ನನ್ನ ಹಾಳೆಯೂ ಖಾಲಿಯೇ ಇತ್ತು. ನನಗೆ ಸುಳ್ಳು ಬರೆಯಲು ಗೊತ್ತಿತ್ತು, ಅಷ್ಟೆ.

ಜೋ ಸತ್ತಂತಾಗಿ, ಇನ್ನೂ ಹುಟ್ಟದ ಆತ್ಮಗಳ ಲೋಕಕ್ಕೆ ಹೋಗಿ ಬೀಳುತ್ತಾನೆ. ಅಲ್ಲಿ ಪ್ರತಿ ಆತ್ಮಕ್ಕೂ ಒಂದು ‘ಕಿಡಿ’ ಸಿಕ್ಕಿದರೆ ಮಾತ್ರ ಭೂಮಿಗೆ ಪ್ರವೇಶ. 22 ಎಂಬ ಆತ್ಮಕ್ಕೆ ಎಷ್ಟೋ ಕಾಲದಿಂದ ಕಿಡಿ ಸಿಕ್ಕಿಲ್ಲ. ಗಾಂಧಿ, ಲಿಂಕನ್, ಮದರ್ ತೆರೇಸಾ, ಕೊಪರ್ನಿಕಸ್ ಎಲ್ಲರೂ ಮಾರ್ಗದರ್ಶನ ಮಾಡಿ ಸೋತವರೇ. (ನಮ್ಮ ವೀಕ್ಷಣಾ ಹಾಳೆಯಲ್ಲಿ ಅವರಿಗೆ ‘ಪ್ರೇರಣೆ’ ಕಾಲಂನಲ್ಲಿ ಎಷ್ಟು ಅಂಕ ಬರುತ್ತಿತ್ತೋ!) ಕೊನೆಗೆ ಜೋಗೆ ತಿಳಿಯುವುದು, ಕಿಡಿ ಎಂದರೆ ಜೀವನದ ಗುರಿಯಲ್ಲ, ಪ್ರತಿಭೆಯೂ ಅಲ್ಲ, ಬದುಕಲು ಮನಸ್ಸಾಗುವುದು ಎಂದಷ್ಟೇ. 22ಕ್ಕೆ ಆ ಮನಸ್ಸು ಹುಟ್ಟಿಸಿದ್ದು ಒಂದು ಚೂರು ಪಿಜ್ಜಾ, ಕ್ಷೌರದಂಗಡಿಯ ಮಾತುಕತೆ, ಮರದಿಂದ ತಿರುಗುತ್ತ ಬಿದ್ದ ಒಂದು ಬೀಜ.

ಶಿಕ್ಷಕರಾಗುವ ನಾವು ಗಮನಿಸಬೇಕಾದ ಭಾಗ ಬೇರೆಯೇ ಇದೆ. ಟ್ರೊಂಬೋನ್ ನುಡಿಸುವ ಕಾನಿ ಎಂಬ ಹುಡುಗಿ, ಇನ್ನು ಬ್ಯಾಂಡ್ ಬಿಡುತ್ತೇನೆ ಎಂದು ಹೇಳಲು ಜೋನ ಮನೆ ಬಾಗಿಲಿಗೆ ಬರುತ್ತಾಳೆ. ಆ ಹೊತ್ತಿಗೆ ಜೋನ ಮೈಯೊಳಗಿರುವುದು 22. ಜೋ ಬೆಕ್ಕಿನ ಮೈಯಲ್ಲಿದ್ದಾನೆ. 22 ಉಪದೇಶ ಮಾಡುವುದಿಲ್ಲ, ಹೌದು ಬಿಡು ಎಂಬಂತೆ ಒಪ್ಪಿಕೊಂಡು ಸುಮ್ಮನೆ ಕೇಳುತ್ತದೆ. ಕಾನಿ ಕೊನೆಯದಾಗಿ ಒಂದಿಷ್ಟು ನುಡಿಸಿ, ತಾನೇ ಮನಸ್ಸು ಬದಲಿಸಿ ಹೋಗುತ್ತಾಳೆ. ಅಂದರೆ ಚಿತ್ರದಲ್ಲಿ ಜೋ ಮೇಷ್ಟ್ರ ಅತ್ಯುತ್ತಮ ಪಾಠ ನಡೆಯುವುದು ಜೋ ಅಲ್ಲಿ ಇಲ್ಲದಾಗ! ಕ್ಷೌರಿಕ ಡೆಜ್‌ನ ವಿಷಯವೂ ಹಾಗೆಯೇ. ಪಶುವೈದ್ಯನಾಗಬೇಕೆಂದಿದ್ದವನು ಮಗಳ ಕಾಯಿಲೆಯಿಂದಾಗಿ, ಕಡಿಮೆ ಖರ್ಚಿನದೆಂದು ಕ್ಷೌರ ಕಲಿತ, ಈಗ ಸುಖವಾಗಿದ್ದಾನೆ. ಇಷ್ಟು ವರ್ಷ ಅವನ ಕುರ್ಚಿಯಲ್ಲಿ ಕೂತ ಜೋ ಜಾಝ್ ಬಗ್ಗೆ ಮಾತಾಡಿದ್ದನೇ ಹೊರತು ಇದನ್ನೆಂದೂ ಕೇಳಿರಲಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ದೃಶ್ಯ. ನಿನಗೆ ಗುರಿಯೇ ಇಲ್ಲ ಎಂದು ಜೋ ಸಿಟ್ಟಿನಲ್ಲಿ ಅಂದ ಮೇಲೆ 22 ದಾರಿತಪ್ಪಿದ ಕತ್ತಲ ಆತ್ಮವಾಗುತ್ತದೆ. ಅದರೊಳಗೆ ಹೊಕ್ಕ ಜೋಗೆ, ಹಿಂದಿನ ಗುರುಗಳ ಬೈಗುಳಗಳ ಜೊತೆ ತನ್ನದೇ ಧ್ವನಿ ಕೇಳುತ್ತದೆ. ನಾನು ಇಡೀ ತರಗತಿಗೆ ಕೇಳುವಂತೆ ಹೇಳಿದ್ದು ಬೈಗುಳವಲ್ಲ, ಪ್ರೋತ್ಸಾಹವೇ. ‘ಎಲ್ಲರಲ್ಲೂ ಏನಾದರೊಂದು ಇದ್ದೇ ಇರುತ್ತದೆ.’ ಏನೂ ಬರೆಯದವಳ ಕಿವಿಗೆ ಅದು ಹೇಗೆ ಬಿದ್ದಿರಬಹುದು?

‘ಸೋಲ್’ ಕೂಡ ಒಂದು ಕಡೆ ಜಾರಿಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ. ಮರಳಿ ಬದುಕು ಸಿಕ್ಕ ಜೋ ಶಾಲೆಗೆ ಹೋದನೋ ಇಲ್ಲವೋ ಎಂಬುದನ್ನು ಅದು ಹೇಳುವುದೇ ಇಲ್ಲ. ಪಿಯಾನೋ ನುಡಿಸಿ ಗೆದ್ದ ಮೇಲೆ ಒಂದು ಬೇಸರವಿರುತ್ತದೆಂದು ಧೈರ್ಯವಾಗಿ ತೋರಿಸಿದ ಚಿತ್ರ, ಬೆಳಿಗ್ಗೆ ಒಂಬತ್ತೂವರೆಗೆ ಹಾಜರಿ ಕರೆಯುವ ಬದುಕನ್ನೂ ಒಂದು ನಿಮಿಷ ತೋರಿಸಬಹುದಿತ್ತು.

ಸೋಮವಾರ ಆ ಹುಡುಗಿಯನ್ನು ಕಂಡು, ಆ ಹಾಳೆಗೆ ಮಾರ್ಕ್ಸ್ ಇಲ್ಲ, ನಾನು ಕೇಳಿದ್ದೇ ಸರಿಯಿರಲಿಲ್ಲ ಎಂದೆ. “ಪರವಾಗಿಲ್ಲ ಮಿಸ್” ಎಂದಳು. ಅವಳಲ್ಲಿ ಯಾವ ಪ್ರತಿಭೆಯನ್ನೂ ನಾನು ಆಮೇಲೆ ಪತ್ತೆ ಮಾಡಲಿಲ್ಲ, ಮಾಡಲು ಹೋಗಲೂ ಇಲ್ಲ. ಬಿಡುವಿನ ಪೀರಿಯಡ್ ಸಿಕ್ಕರೆ ‘ನಿನ್ನೆ ಶಾಲೆಯಿಂದ ಮನೆಗೆ ಹೋಗುವಾಗ ಏನು ಕಂಡಿರಿ’ ಎಂದು ಬರೆಸುತ್ತಿದ್ದೆ. ಅವಳು ಒಂದೂವರೆ ಪುಟ ಬರೆದಿದ್ದಳು, ಬಹುಪಾಲು ಬಸ್ಸು ತಡವಾದದ್ದರ ಬಗ್ಗೆ. ಎರಡನೇ ಹಂತಕ್ಕೂ ಅದೇ ಶಾಲೆ ಕೊಡಿ ಎಂದು ಅರ್ಜಿ ಬರೆದಿದ್ದೇನೆ.