ಮೂರು ವಾರ ದಾಟಿದ ಬಾಯಿಹುಣ್ಣು

ಜೋಳದ ರೊಟ್ಟಿ, ಕೆಂಪು ಖಾರ ಉಣ್ಣುವ ನಮ್ಮ ಸೀಮೆಯಲ್ಲಿ ಬಾಯಿಹುಣ್ಣನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಉಷ್ಣ ಆಗೈತಿ, ಮಜ್ಜಿಗಿ ಕುಡಿ ಅಂದರೆ ಮುಗಿಯಿತು. ಹೆಚ್ಚಿನ ಸಲ ಅಷ್ಟೇ ಸಾಕು, ಹತ್ತು ದಿನದಲ್ಲಿ ಮಾಯುತ್ತದೆ. ಮೂರು ವಾರವಾದರೂ ಮಾಯದ, ಬಾಯಿತುಂಬ ಹರಡಿ ರೊಟ್ಟಿ ಮುರಿದು ತಿನ್ನಲೂ ಬಿಡದ ಹುಣ್ಣಿನ ಮಾತು ಬೇರೆ.

ಅದು ಪೆಂಫಿಗಸ್ ವಲ್ಗ್ಯಾರಿಸ್ ಇರಬಹುದು. ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೋಗ್ಲೀನ್ ಎಂಬ ಪ್ರೋಟೀನಿನ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ಎರಗುತ್ತದೆ. ಕೋಶಗಳ ಹಿಡಿತ ಬಿಟ್ಟು ನಡುವೆ ನೀರು ತುಂಬಿ ಗುಳ್ಳೆ ಏಳುತ್ತದೆ. ಆ ಮೆತ್ತನೆಯ ಗುಳ್ಳೆ ಅಂಗಿ ತಿಕ್ಕಿದರೂ ಒಡೆದು ಹಸಿಹುಣ್ಣಾಗುತ್ತದೆ. ಬಹಳ ಜನರಲ್ಲಿ ಇದು ಬಾಯಲ್ಲೇ ಶುರುವಾಗಿ, ಮೈಮೇಲೆ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ನಾವು ಕಳೆದುಕೊಳ್ಳುತ್ತಿರುವುದು ಆ ತಿಂಗಳುಗಳನ್ನು.

ಕೇರಳದ ತ್ರಿಶ್ಶೂರ್ ಜಿಲ್ಲೆಯ ಸಮೀಕ್ಷೆಯೊಂದರಲ್ಲಿ ಹತ್ತು ಲಕ್ಷ ಜನರಿಗೆ ವರ್ಷಕ್ಕೆ 4.4 ಹೊಸ ಪೆಂಫಿಗಸ್ ರೋಗಿಗಳು ಸಿಕ್ಕಿದ್ದರು. 2011ರ ಜನಗಣತಿಯಂತೆ ಸುಮಾರು 18.9 ಲಕ್ಷ ಜನರಿರುವ ಬಾಗಲಕೋಟೆ ಜಿಲ್ಲೆಗೆ ಅದೇ ಲೆಕ್ಕ ಹಿಡಿದರೆ ವರ್ಷಕ್ಕೆ ಎಂಟು ಜನ. ಎಂಟೇ ಅಲ್ಲವೇ ಎನ್ನಬಹುದು. ಆದರೆ ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಹಿಡಿಯುವುದು ದುಡಿಯುವ ವಯಸ್ಸಿನವರನ್ನು.

ಮೈಮೇಲೆ ಗುಳ್ಳೆ ಎದ್ದಾಗ ಮೊದಲು ಬರುವ ಹೆಸರು ಸರ್ಪಸುತ್ತು. ಸರ್ಪಸುತ್ತು ಮೈಯ ಒಂದೇ ಬದಿಗೆ ಪಟ್ಟಿಯಂತೆ ಏಳುತ್ತದೆ, ಕೆಲವು ವಾರಗಳಲ್ಲಿ ತಾನಾಗಿಯೇ ಒಣಗುತ್ತದೆ; ಕೀರ್ತಿ ಮಾತ್ರ ಹಚ್ಚಿದ ಕೆಮ್ಮಣ್ಣಿಗೆ ಹೋಗುತ್ತದೆ! ಪೆಂಫಿಗಸ್ ಎರಡೂ ಬದಿಗೆ ಹರಡುತ್ತದೆ, ತಾನಾಗಿ ಒಣಗುವುದಿಲ್ಲ. ಇದು ಅಂಟುರೋಗವೂ ಅಲ್ಲ. ತಾಟು, ಹಾಸಿಗೆ ಬೇರೆ ಮಾಡಬೇಕಿಲ್ಲ.

ಇನ್ನೊಂದು ಅಪಾಯ ಊರಿನ ಇಂಜೆಕ್ಷನ್. ಸ್ಟೀರಾಯ್ಡ್ ಚುಚ್ಚಿದರೆ ನಾಲ್ಕು ದಿನ ಗುಣ ಕಾಣುತ್ತದೆ, ನಿಲ್ಲಿಸಿದರೆ ರೋಗ ಮರಳುತ್ತದೆ. ಸ್ಟೀರಾಯ್ಡ್ ಬೇಕೇ ಬೇಕು, ಆದರೆ ಅಳತೆ, ಅವಧಿ ಗೊತ್ತಿದ್ದವರ ಕೈಯಲ್ಲಿ. 1950ರ ದಶಕದಲ್ಲಿ ಅದು ಬಳಕೆಗೆ ಬರುವ ಮುನ್ನ ಈ ರೋಗ ಹಿಡಿದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನ ಡಾ. ಜೆ.ಎಸ್. ಪಸ್ರಿಚಾ ತಿಂಗಳಿಗೊಮ್ಮೆ ಮೂರು ದಿನ ಔಷಧಿ ಏರಿಸುವ ಪದ್ಧತಿ ತಂದರು. ಈಗ ರಿಟುಕ್ಸಿಮ್ಯಾಬ್ ಎಂಬ ಔಷಧಿಯೂ ಇದೆ.

ವಯಸ್ಸಾದವರಲ್ಲಿ ಬರುವ ಪೆಂಫಿಗಾಯ್ಡ್ ಇದರ ದಾಯಾದಿ. ಮೊದಲು ತಿಂಗಳುಗಟ್ಟಲೆ ತುರಿಕೆ, ಆಮೇಲೆ ಬಿಗಿಯಾದ ಗುಳ್ಳೆ. ಅಜ್ಜನ ತುರಿಕೆಯನ್ನೂ ಕಡೆಗಣಿಸಬೇಡಿ.

ಹುಣ್ಣನ್ನು ಮೊದಲು ನೋಡುವವರು ಹೆಚ್ಚಾಗಿ ದಂತವೈದ್ಯರು. ಬಾಗಲಕೋಟೆಯಲ್ಲಿ ದಂತ ಕಾಲೇಜೂ ಇದೆ, ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಎಚ್‌ಎಸ್‌ಕೆ ಆಸ್ಪತ್ರೆಯೂ ಇದೆ. ಬಾದಾಮಿ, ಹುನಗುಂದ, ಇಳಕಲ್‌ನ ದವಾಖಾನೆಗಳಿಂದ ರೋಗಿ ಅಲ್ಲಿಗೆ ಮುಟ್ಟಬೇಕು, ಅಷ್ಟೆ. ಗುಟ್ಕಾ ಜಗಿಯುವವರ ಮಾಯದ ಹುಣ್ಣು ಕ್ಯಾನ್ಸರ್ ಇದ್ದರೂ ಇರಬಹುದು. ಮೂರು ವಾರ ದಾಟಿದ ಹುಣ್ಣನ್ನು ವೈದ್ಯರಿಗೆ ತೋರಿಸಬೇಕೆಂಬ ನಿಯಮ ಎರಡನ್ನೂ ಹಿಡಿಯುತ್ತದೆ.

ತಾಲ್ಲೂಕಿನ ವೈದ್ಯರಿಗೊಂದು ಮಾತು. ರೋಗ ಖಚಿತಪಡಿಸುವ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆಗೆ ಗುಳ್ಳೆಯ ಪಕ್ಕದ, ನೋಡಲು ಸರಿಯಿರುವ ಚರ್ಮದ ತುಣುಕು ಬೇಕು. ಅದನ್ನು ಫಾರ್ಮಲಿನ್‌ಗೆ ಹಾಕಿ ಕಳಿಸಿದರೆ ಉಪಯೋಗವಿಲ್ಲ. ತುಣುಕು ಕೆಡದಂತೆ ಇಡುವ ಮಿಷೆಲ್ ದ್ರಾವಣದ ಬಾಟಲಿ ಇಲ್ಲವಾದರೆ ತುಣುಕು ತೆಗೆಯದೆ ರೋಗಿಯನ್ನೇ ಕಳಿಸಿ. ಆ ಬಾಟಲಿಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವಂತೆ ಮಾಡುವುದು ಜಿಲ್ಲಾ ಆರೋಗ್ಯ ಇಲಾಖೆಗೆ ದೊಡ್ಡ ಖರ್ಚೇನೂ ಅಲ್ಲ.