ಅಜ್ಜನ ದನಿ ಯಾರದು?



ಇಂದು ವಿಜ್ಞಾನ ಬಹಳ ಮುಂದುವರಿದಿದೆ. ತೀರಿಹೋದವರ ದನಿ, ಮುಖ, ಮಾತಿನ ಧಾಟಿ ಎಲ್ಲವನ್ನೂ ಕಂಪ್ಯೂಟರ್ ನಕಲು ಮಾಡುತ್ತದೆ. ಇದಕ್ಕೆ ಕೃತಕ ಬುದ್ಧಿಮತ್ತೆ ಅಥವಾ ಎಐ ಎನ್ನುತ್ತಾರೆ. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ನಮ್ಮ ತರಗತಿಯಲ್ಲಿ ದೊಡ್ಡ ವಾದ ಆತು. ನನ್ನ ಅಭಿಪ್ರಾಯ ಹೇಳುವ ಮೊದಲು ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ.

ನಮ್ಮ ಅಜ್ಜ ಖಣ ನೇಯುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಅವರಿಗೆ ಫೋನಿನಲ್ಲಿ ಅಕ್ಷರ ಒತ್ತುವುದು ಬರುತ್ತಿರಲಿಲ್ಲ. ಅದಕ್ಕೆ ಏನೇ ಇದ್ದರೂ ವಾಟ್ಸಾಪ್‌ನಲ್ಲಿ ಮಾತಾಡಿಯೇ ಕಳಿಸುತ್ತಿದ್ದರು. ಹಿಂದೆ ಮಗ್ಗದ ಲಟಕ್ ಪಟಕ್ ಸಪ್ಪಳ ಕೇಳುತ್ತಿತ್ತು. ಬೆಂಗಳೂರಿನಲ್ಲಿ ಓದುವ ನಮ್ಮ ಕಾಕಾನ ಮಗ ದೀಪಾವಳಿಗೆ ಬಂದಾಗ ಆ ಮಾತುಗಳನ್ನೆಲ್ಲ ಕೂಡಿಸಿ ಒಂದು ಆ್ಯಪ್‌ಗೆ ಹಾಕಿದ. ಆಮೇಲೆ ಅಜ್ಜನ ಫೋಟೋ ತುಟಿ ಅಲುಗಾಡಿಸಿತು. ಥೇಟ್ ಅಜ್ಜನ ದನಿ! "ಎಲ್ಲರಿಗೂ ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು" ಎಂದಿತು.

ಸುಳ್ಳು ಯಾಕ ಹೇಳಲಿ, ನನಗೆ ಬಹಳ ಖುಷಿ ಆತು. ಇನ್ನೊಮ್ಮೆ ಹಚ್ಚು ಅಂತ ನಾನೇ ಹೇಳಿದೆ. ಅವ್ವ ಕಣ್ಣೀರು ಒರೆಸಿಕೊಂಡಳು. ಆದರೆ ಆಯಿ ಮಾತ್ರ ಸುಮ್ಮನೆ ಕುಂತಿದ್ದಳು. ಆಮೇಲೆ ಕೇಳಿದಳು, "ತಮ್ಮಾ, ಅವರು ನನಗ ಎಂದರ ಶುಭಾಶಯ ಅಂದಾರೇನು? ಹಬ್ಬ ಇರಲಿ ಹುಣ್ಣಿಮಿ ಇರಲಿ, 'ಉಂಡಿ ಏನ' ಅಂತಿದ್ರು, ಅಷ್ಟ. ಇದನ್ನ ಮಾಡೂ ಮುಂದ ಯಾರನ್ನ ಕೇಳಿದಿ?"

ಅಣ್ಣನಿಗೆ ಉತ್ತರ ಬರಲಿಲ್ಲ. ಇನ್ನೊಂದು ಸಂಗತಿ ಮರುದಿನ ತಿಳಿಯಿತು. ಆತ ಹಾಕಿದ ಮಾತುಗಳಲ್ಲಿ ಅಜ್ಜ ಕಾಕಾಗೆ ಮಾತ್ರ ಕಳಿಸಿದ್ದ ಸಾಲದ ಮಾತೂ ಇತ್ತು. ಯಾರಿಗೂ ಹೇಳಬ್ಯಾಡ ಅಂತ ಅಜ್ಜ ಸಣ್ಣ ದನಿಯಲ್ಲಿ ಹೇಳಿದ್ದರು. ಅದು ಈಗ ಯಾವುದೋ ದೂರದ ಕಂಪ್ಯೂಟರ್‌ನಲ್ಲಿದೆ. ಅಳಿಸಿದೆ ಅಂತ ಅಣ್ಣ ಅಂದ. ಅಲ್ಲಿಯೂ ಅಳಿಸಿತೋ ಇಲ್ಲವೋ ಎಂದು ನೋಡಲು ನಮಗೆ ದಾರಿ ಇಲ್ಲ. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆ ಇದೆ. ಈಗ ಆಡಿದ ಮಾತು ಹೋಗುವುದೂ ಇಲ್ಲ, ಎಲ್ಲೋ ಕುಂತಿರತದ.

ಇಂಥದ್ದು ನಮ್ಮ ಮನೆಯಲ್ಲಿ ಅಷ್ಟೇ ಅಲ್ಲ, ದೊಡ್ಡವರ ವಿಷಯದಲ್ಲಿಯೂ ಆಗಿದೆ. ನಮ್ಮೆಲ್ಲರ ಅಪ್ಪು, ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ನಿಧನರಾದರು. ಅವರ 'ಜೇಮ್ಸ್' ಸಿನಿಮಾ 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, ಬಿಡುಗಡೆ ಆಯಿತು. ಅಪ್ಪು ಡಬ್ಬಿಂಗ್ ಮಾಡಿರಲಿಲ್ಲವಾದ್ದರಿಂದ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಏಪ್ರಿಲ್‌ನಲ್ಲಿ ಹೊಸ ತಂತ್ರಜ್ಞಾನದಿಂದ ಅಪ್ಪು ದನಿಯನ್ನೇ ಕೂಡಿಸಿ ಮತ್ತೆ ತೋರಿಸಿದರು. ಜನ ಸಂತೋಷಪಟ್ಟರು. ನನಗೂ ಅದು ಸರಿ ಅನಸ್ತದ. ಯಾಕಂದ್ರ ಆ ಸಿನಿಮಾ ಅಪ್ಪು ಅವರೇ ಒಪ್ಪಿ ನಟಿಸಿದ್ದು. ಆ ಮಾತು ಅವರೇ ಆಡಬೇಕಾಗಿದ್ದ ಮಾತು.

ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಸಂಗತಿ ಬೇರೆ. ಅವರು 2020ರಲ್ಲಿ ತೀರಿಕೊಂಡರು. 2023ರಲ್ಲಿ ಬಂದ ಒಂದು ತೆಲುಗು ಸಿನಿಮಾದಲ್ಲಿ ಅವರ ದನಿಯನ್ನು ಎಐ ಮೂಲಕ ಹುಟ್ಟಿಸಿ ಬಳಸಿದರು. ನಮ್ಮನ್ನು ಕೇಳಲಿಲ್ಲ ಎಂದು ಅವರ ಮಗ ಎಸ್.ಪಿ. ಚರಣ್ ವಕೀಲರಿಂದ ನೋಟಿಸ್ ಕಳಿಸಿದರು. ಅದೇ 2024ರಲ್ಲಿ ಎ.ಆರ್. ರೆಹಮಾನ್ ಅವರು 'ಲಾಲ್ ಸಲಾಂ' ಎಂಬ ತಮಿಳು ಸಿನಿಮಾಕ್ಕೆ ತೀರಿಹೋದ ಇಬ್ಬರು ಗಾಯಕರ ದನಿ ಬಳಸಿದರು. ಮನೆಯವರ ಒಪ್ಪಿಗೆ ಪಡೆದು, ಹಣವನ್ನೂ ಕೊಟ್ಟೆವು ಎಂದು ಹೇಳಿದರು. ಯಂತ್ರ ಒಂದೇ ಥರದ್ದು. ವ್ಯತ್ಯಾಸ ಎಲ್ಲಿದೆ? ಕೇಳುವುದರಲ್ಲಿ ಇದೆ.

ಕೇಳದೇ ತೆಗೆದುಕೊಳ್ಳಬಾರದು ಎಂಬುದಕ್ಕೆ ಖಾಸಗಿತನ ಎಂಬ ಶಬ್ದವಿದೆ. ನನಗೆ ಮೊದಲು ಇದರ ಅರ್ಥ ಆಗಿರಲಿಲ್ಲ. ನಮ್ಮ ಗುರುಗಳು ಹೇಳಿದರು, "ಕದಾ ಮುಂದ ಮಾಡಿದ ಮನಿಯೊಳಗ ಕೂಗದ ಹೋಗಬಾರದು, ಅದ ಖಾಸಗಿತನ." ಇದಕ್ಕಾಗಿ ಹೋರಾಡಿದವರು ನಮ್ಮ ಕರ್ನಾಟಕದವರೇ ಎಂಬುದು ಹೆಮ್ಮೆಯ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ಜನ ನ್ಯಾಯಮೂರ್ತಿಗಳು ಒಂದೇ ಮಾತಿನಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. 2023ರಲ್ಲಿ ನಮ್ಮ ಮಾಹಿತಿಯ ರಕ್ಷಣೆಗಾಗಿ ಸಂಸತ್ತು ಒಂದು ಕಾಯ್ದೆ ಮಾಡಿತು. 18 ವರ್ಷದೊಳಗಿನ ಮಕ್ಕಳ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎಂದು ಅದರಲ್ಲಿದೆ. ನಾನು ತೀರಿದ ಮೇಲೆ ನನ್ನ ಮಾಹಿತಿಯ ಹಕ್ಕನ್ನು ಯಾರು ನೋಡಿಕೊಳ್ಳಬೇಕು ಎಂದು ಮೊದಲೇ ಒಬ್ಬರ ಹೆಸರು ಹೇಳಿ ಇಡಬಹುದು ಎಂದೂ ಇದೆ. ನಮ್ಮ ಓಣಿಯಲ್ಲಿ ಕೇಳಿ ನೋಡಿದೆ, ಒಬ್ಬರಿಗೂ ಗೊತ್ತಿರಲಿಲ್ಲ.

ಅಣ್ಣ ಒಂದು ವಾದ ಮಾಡಿದ. "ಅಜ್ಜನ ಫೋಟೋ ಗ್ವಾಡಿಗೆ ಹಾಕಿಲ್ಲೇನು? ಅದಕ್ಕ ಯಾರನ್ನ ಕೇಳಿದ್ರಿ?" ಎಂದ. ಈ ಮಾತಿಗೆ ನಾನು ಎರಡು ದಿನ ವಿಚಾರ ಮಾಡಿದೆ. ಫೋಟೋ ಸುಮ್ಮನೆ ಇರುತ್ತದೆ. ಹೊಸ ಮಾತು ಆಡುವುದಿಲ್ಲ. ಈ ಗೊಂಬೆ ಅಜ್ಜ ಹಂಗಲ್ಲ. ಇವತ್ತು ಶುಭಾಶಯ ಅಂತದ. ನಾಳೆ ಯಾರೋ ಅದರ ಬಾಯಿಂದ "ಮನಿ ಇಂಥವನಿಗೆ ಬರದ ಕೊಡ್ರಿ" ಅಂತಲೂ ಅನ್ನಿಸಬಹುದು. ಬದುಕಿದ್ದವರ ದನಿ ನಕಲು ಮಾಡಿ, ಫೋನ್ ಹಚ್ಚಿ, ರೊಕ್ಕ ಕೇಳಿ ಮೋಸ ಮಾಡುವವರೂ ಇದ್ದಾರೆ. ಬದುಕಿದ್ದವರು "ಅದು ನಾನಲ್ಲ" ಅಂತಾರೆ. ತೀರಿಹೋದವರು ಹೇಗೆ ಅನ್ನಬೇಕು?

ಮಗ್ಗದ ಮೇಲೆ ಖಣದಲ್ಲಿ ತೇರು ಮೂಡುತ್ತದೆ. ಆದರೆ ಲಾಳಿಗೆ ತೇರು ಅಂದ್ರ ಏನು ಅಂತ ಗೊತ್ತಿಲ್ಲ. ಹಾಗೆಯೇ ಆ ಆ್ಯಪ್‌ಗೆ ನಮ್ಮ ಅಜ್ಜ ಯಾರು ಅಂತ ಗೊತ್ತಿಲ್ಲ. ದನಿಯ ಎಳೆ ಎಳೆ ಕೂಡಿಸಿ ನೇಯುತ್ತದೆ, ಅಷ್ಟೇ. ಗುಳೇದಗುಡ್ಡ ಖಣಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಕಡೆ ನೇಯ್ದ ಬಟ್ಟೆಗೆ ಆ ಹೆಸರು ಹಾಕಿ ಮಾರಬಾರದು. ನಮ್ಮ ಕುಪ್ಪಸದ ಬಟ್ಟೆಗೆ ಇರುವ ಮರ್ಯಾದೆ ಅದನ್ನು ನೇಯ್ದವರ ದನಿಗೂ ಇರಬೇಕಲ್ಲವೇ?

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಒಂದು, ಬದುಕಿದ್ದವರ ದನಿ, ಫೋಟೋ ಬಳಸುವಾಗ ಅವರನ್ನೇ ಕೇಳಬೇಕು. ಎರಡು, ತೀರಿಹೋದವರದಾದರೆ ಮನೆಯವರೆಲ್ಲರನ್ನೂ ಕೇಳಬೇಕು. ಅದರಲ್ಲಿ ಒಬ್ಬರು ಬ್ಯಾಡ ಅಂದರೂ ಬಿಡಬೇಕು. ಮೂರು, ಅವರು ಆಡದ ಮಾತನ್ನು ಆಡಿಸಬಾರದು. ನಾಲ್ಕು, ಯಂತ್ರದ ದನಿಯಾದರೆ ಇದು ಯಂತ್ರದ್ದು ಎಂದು ಎದ್ದು ಕಾಣುವಂತೆ ಬರೆಯಬೇಕು. ವಿಜ್ಞಾನ ಬೇಡ ಎಂದು ನಾನು ಹೇಳುವುದಿಲ್ಲ. ಅಜ್ಜ ನಿಜವಾಗಿ ಆಡಿದ ಮಾತುಗಳನ್ನು ನಾವು ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಇಟ್ಟಿದ್ದೇವೆ. ಆಯಿ ಒಮ್ಮೊಮ್ಮೆ ಹಚ್ಚು ಅಂತಾಳ. ಮಗ್ಗದ ಸಪ್ಪಳ ಬಂದಾಗ ತಲೆ ಅಲ್ಲಾಡಿಸುತ್ತಾಳೆ.

ಇದನ್ನು ಗೋಡೆ ಪತ್ರಿಕೆಗೆ ಬರೆಯಲೇ ಎಂದು ಆಯಿಯನ್ನು ಕೇಳಿದೆ. "ಬರಿ, ಆದ್ರ ಹೆಸರು ಹಾಕಬ್ಯಾಡ" ಅಂದಳು. ಅದಕ್ಕೇ ಅಜ್ಜನ ಹೆಸರು ಇಲ್ಲಿ ಇಲ್ಲ. ಸಾಲದ ಮಾತು ಬರೆಯಲು ಕಾಕಾನನ್ನೂ ಕೇಳಿದ್ದೇನೆ. ಆಮೇಲೆ "ಆಯಿ, ನಿನ್ನ ದನಿ ಏನು ಮಾಡಲಿ?" ಎಂದು ಕೇಳಿದೆ. ಆಯಿ ನಕ್ಕಳು. "ನಾ ಆಡಿದ್ದ ಇಟಗೋ. ಆಡಲಾರದ್ದ ಆಡಸಬ್ಯಾಡ" ಅಂದಳು.

ನೀವೂ ಇವತ್ತು ಮನೆಗೆ ಹೋಗಿ ನಿಮ್ಮ ಅಜ್ಜ, ಆಯಿಯನ್ನು ಕೇಳಿ. ಅವರು ಏನಂದರು ಎಂದು ಒಂದು ಹಾಳೆಯಲ್ಲಿ ಬರೆದು ನನಗೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ. ಆದರೆ ಅವರನ್ನು ಕೇಳಿಯೇ ಕೊಡಿ. ತಪ್ಪಿದ್ದರೆ ತಿದ್ದಿರಿ.

ಇಂತಿ ನಿಮ್ಮ ಗೆಳತಿ,
ಏಳನೇ ತರಗತಿ