ಸಾದರ ಸ್ವೀಕಾರ, ಸಾದರ ಶವಸಂಸ್ಕಾರ

ಪತ್ರಿಕೆಗಳ ಮೂಲೆಯಲ್ಲಿ ‘ಸಾದರ ಸ್ವೀಕಾರ’ ಅಂತ ಒಂದು ಪಟ್ಟಿ ಬರುತ್ತದೆ. ಪುಸ್ತಕದ ಹೆಸರು, ಬರೆದವರ ಹೆಸರು, ಪುಟ, ಬೆಲೆ. ಅಷ್ಟೆ. ಸ್ವಂತ ದುಡ್ಡಲ್ಲಿ ಪುಸ್ತಕ ಅಚ್ಚು ಹಾಕಿಸಿದ ನಮ್ಮ ಕೇರಿಯ ಹುಡುಗನಿಗೆ ಕನ್ನಡ ಸಾಹಿತ್ಯಲೋಕ ಕೊಡುವ ಮೊದಲ ಮರ್ಯಾದೆಯೂ ಅದೇ, ಕೊನೆಯ ಹಿಡಿ ಮಣ್ಣೂ ಅದೇ. ವಿಮರ್ಶೆಗೆ ಎರಡು ಪ್ರತಿ ಕಳಿಸಿ ಅನ್ನುತ್ತಾರೆ. ಕಳಿಸುತ್ತಾನೆ. ಒಂದು ಯಾರದೋ ಮನೆಯ ಕಪಾಟಿಗೆ, ಇನ್ನೊಂದು ರದ್ದಿ ಅಂಗಡಿಯ ತಕ್ಕಡಿಗೆ. ಅವನು ಮಾತ್ರ ಪ್ರತಿ ಭಾನುವಾರ ಹೋಟೆಲಿನ ಪೇಪರು ತಿರುವಿಹಾಕುತ್ತ ಕೂತಿರ್ತಾನೆ.

ಆ ಪುಸ್ತಕ ಹೇಗೆ ಬಂತು ಅನ್ನೋದು ವಿಮರ್ಶಕ ಮಹಾಶಯರಿಗೆ ಗೊತ್ತಿರಲಿ. ಚೀಟಿ ಎತ್ತಿದ ದುಡ್ಡು, ಹೆಂಡತಿಯ ಓಲೆ ಅಡ ಇಟ್ಟ ದುಡ್ಡು, ತಿಂಗಳುಗಟ್ಟಲೆ ಕೈಗೆ ಬಾರದ ಅತಿಥಿ ಉಪನ್ಯಾಸಕನ ಸಂಬಳ ನಂಬಿ ಮಾಡಿದ ಸಾಲ. ಪ್ರಕಾಶನಕ್ಕೊಂದು ಹೆಸರು ಬೇಕಲ್ಲ, ಸತ್ತ ಅವ್ವನ ಹೆಸರಿಗೆ ‘ಪ್ರಕಾಶನ’ ಅಂತ ಸೇರಿಸಿದ. ಇದನ್ನು ಕಂಡು ಮೂಗು ಮುರಿಯುವವರು ಬಹಳ ಜನ. ಸ್ವಂತ ಖರ್ಚಿನದಾ? ಹಾಗಾದ್ರೆ ಅಷ್ಟಕ್ಕಷ್ಟೆ.

ಇದು ಯಾವ ಸೀಮೆ ನ್ಯಾಯ? ಗಳಗನಾಥರು ತಮ್ಮ ಕಾದಂಬರಿಗಳನ್ನು ಊರೂರಿಗೆ ಹೊತ್ತು ಮಾರಿದರು. ಫ.ಗು. ಹಳಕಟ್ಟಿಯವರು ಇದ್ದ ಮನೆ ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ವಚನಗಳನ್ನು ತಾವೇ ಸಂಪಾದಿಸಿ ತಾವೇ ಅಚ್ಚು ಮಾಡಿದರು. ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯ ಕಟ್ಟಿಕೊಂಡರು. ಕುವೆಂಪು ಪುಸ್ತಕಗಳು ಬಂದದ್ದು ಅವರ ಮನೆಯ ಹೆಸರಿನದೇ ಆದ ಉದಯರವಿ ಪ್ರಕಾಶನದಿಂದ. ಅವರು ಮಾಡಿದರೆ ಸಾಹಸ, ತ್ಯಾಗ, ಕನ್ನಡ ಸೇವೆ. ನಮ್ಮವನು ಮಾಡಿದರೆ ಅಚ್ಚಿನ ಚಪಲ!

ಈ ಚಪಲದ ಮೇಲೆ ವ್ಯಾಪಾರ ಮಾಡುವ ಹೊಸ ದಲ್ಲಾಳಿಗಳೂ ಹುಟ್ಟಿದ್ದಾರೆ. ಎಡಿಟಿಂಗ್, ಮುಖಪುಟ, ಐಎಸ್‌ಬಿಎನ್, ಬಿಡುಗಡೆ, ವಿಮರ್ಶೆ ಎಲ್ಲ ಸೇರಿ ಇಷ್ಟು ಸಾವಿರ ಅಂತ ಗುತ್ತಿಗೆ. ಗೆಳೆಯರೆ, ಐಎಸ್‌ಬಿಎನ್ ಸಂಖ್ಯೆಗೆ ನಮ್ಮ ದೇಶದಲ್ಲಿ ಒಂದು ಪೈಸೆ ಶುಲ್ಕವಿಲ್ಲ. ಅದನ್ನು ಕೊಡುವುದು ದಿಲ್ಲಿಯ ಸರ್ಕಾರಿ ಸಂಸ್ಥೆ, ಬರೆದವನೇ ಅರ್ಜಿ ಹಾಕಬಹುದು. ಅದಕ್ಕೂ ಇವರು ದುಡ್ಡು ಕೀಳುತ್ತಾರೆ. ಇವರ ಎಡಿಟಿಂಗ್ ಅಂದರೆ ನುಡಿಯಲ್ಲಿ ಹೊಡೆದದ್ದನ್ನು ಯೂನಿಕೋಡಿಗೆ ತಿರುಗಿಸೋದು. ತಿರುಗುವಾಗ ಒತ್ತಕ್ಷರ ಕಿತ್ತು ಬಂದರೆ ಅದನ್ನೂ ನೋಡೋದಿಲ್ಲ. ಇವರ ವಿಮರ್ಶೆ ಅಂದರೆ ಬೆನ್ನುಡಿಯ ನಾಲ್ಕು ಸಾಲನ್ನೇ ಹಿಂದುಮುಂದು ಮಾಡಿ ಬರೆದದ್ದು. ದುಡ್ಡು ಕೊಟ್ಟು ಹೊಗಳಿಸಿಕೊಳ್ಳೋದು ಗೌಡರ ಮನೆಯ ಚಾಳಿ. ಅದು ನಮಗ್ಯಾಕೆ?

ಇನ್ನು ಪುಕ್ಕಟೆ ತಿದ್ದಿಕೊಡುವ ಪಂಡಿತರು. ನನ್ನದೇ ಒಂದು ಕತೆಯಲ್ಲಿ ಹಸಿದವನು ‘ಕೂಳಿಕ್ಕವ್ವ’ ಅಂದದ್ದು ಅಚ್ಚಾಗಿ ಬಂದಾಗ ‘ಊಟ ಬಡಿಸಮ್ಮ’ ಆಗಿತ್ತು. ಬಾಡು ‘ಮಾಂಸಾಹಾರ’ ಆಗಿತ್ತು. ‘ಬತ್ತೀನಿ ಕನವ್ವೋ’ ಅಂತ ಹೊರಟವನು ‘ಹೋಗಿ ಬರುತ್ತೇನೆ’ ಅಂತ ಹೊರಟಿದ್ದ. ನಮ್ಮ ಕೇರಿಯ ಮನುಷ್ಯ ಅಗ್ರಹಾರದಲ್ಲಿ ಬಾಡಿಗೆಗಿದ್ದು ಬಂದವನ ಹಾಗೆ ಮಾತಾಡ್ತಿದ್ದ. ಇದು ತಿದ್ದುವುದಲ್ಲ, ಮಡಿ ಮಾಡುವುದು. 1984ರಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ನಂಜನಗೂಡು ಸೀಮೆಯ ಮಾತು ತಿಳಿಯೋಲ್ಲ ಅಂತ ಗೊಣಗಿದವರಿದ್ದರು. ಇಂಥವರೊಬ್ಬರ ಕೈಗೆ ಆ ಹಸ್ತಪ್ರತಿ ಮೊದಲೇ ಸಿಕ್ಕಿ ಶುದ್ಧಿಯಾಗಿದ್ದಿದ್ದರೆ? 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಮಾತು ಹಾಗಿರಲಿ, ಕನ್ನಡಕ್ಕೆ ಆ ಪುಸ್ತಕವೇ ಇರ್ತಿರಲಿಲ್ಲ.

ಇಷ್ಟೆಲ್ಲ ಬೈದ ಮೇಲೆ ನಮ್ಮವರ ಕಡೆಗೂ ತಿರುಗಬೇಕು. ಮಡಿವಂತರ ಕತ್ತರಿ ಕಂಡು ಹೆದರಿ ನಾವು ಕತ್ತರಿಯನ್ನೇ ಬಿಸಾಕಿದ್ದೇವೆ. ತಪ್ಪು ತೋರಿಸಿದರೆ ‘ಇದು ನಮ್ಮ ಭಾಷೆ’ ಅಂತೀವಿ. ಮೂರನೆ ಪುಟದಲ್ಲಿ ಸತ್ತ ದೊಡ್ಡಪ್ಪ ನಲವತ್ತನೆ ಪುಟದಲ್ಲಿ ಎದ್ದುಬಂದು ಬೀಡಿ ಕೇಳಿದರೆ ಅದು ಭಾಷೆಯಲ್ಲಪ್ಪ, ಅದು ಯಾರೂ ಹಸ್ತಪ್ರತಿ ಓದಿಲ್ಲ ಅನ್ನೋದಕ್ಕೆ ಸಾಕ್ಷಿ. ಎಂಬತ್ತು ಪದ್ಯದಲ್ಲಿ ಐವತ್ತು ಒಂದೇ ಪದ್ಯವಾಗಿದ್ದರೆ, ಆ ಐವತ್ತನ್ನು ಕಿತ್ತುಹಾಕು ಅನ್ನೋ ಗೆಳೆಯ ಶತ್ರುವಲ್ಲ.

ಯಾವ ತಿದ್ದುಪಡಿ ಒಪ್ಪಬೇಕು, ಯಾವುದಕ್ಕೆ ಒದೀಬೇಕು ಅಂತ ಕೇಳುವವರು 1936ಕ್ಕೆ ಹೋಗಿ ನೋಡಲಿ. ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲ ಬಾಬಾಸಾಹೇಬರನ್ನು ಅಧ್ಯಕ್ಷರಾಗಿ ಕರೆಯಿತು. ಭಾಷಣ ಕೈಗೆ ಸಿಕ್ಕ ಮೇಲೆ ವೇದ, ಶಾಸ್ತ್ರದ ಮಾತು ತೆಗೀರಿ ಅಂತ ಹಟ ಹಿಡಿಯಿತು. ಒಂದು ಅಲ್ಪವಿರಾಮವನ್ನೂ ಬದಲಾಯಿಸೋದಿಲ್ಲ ಅಂತ ಅಂಬೇಡ್ಕರ್ ಬರೆದರು. ಸಮ್ಮೇಳನ ರದ್ದಾಯಿತು. ಅವರು ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ‘ಜಾತಿ ವಿನಾಶ’ ಸ್ವಂತ ದುಡ್ಡಿನ ಪುಸ್ತಕ ಸ್ವಾಮಿ! ಎರಡು ತಿಂಗಳಲ್ಲಿ ಅಷ್ಟೂ ಪ್ರತಿ ಖರ್ಚಾದವು. ಗುಜರಾತಿ, ತಮಿಳಿಗೆ ಹೋಯಿತು. ಮರಾಠಿ, ಹಿಂದಿ, ಪಂಜಾಬಿ, ಮಲಯಾಳಂನಲ್ಲಿ ಅನುವಾದ ಆಗ್ತಾ ಇದೆ ಅಂತ 1937ರ ಎರಡನೆ ಮುದ್ರಣದ ಮುನ್ನುಡಿಯಲ್ಲಿದೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಅದು ಬೇರೆ ಕತೆ.

ಅದಕ್ಕೊಂದು ವಿಮರ್ಶೆಯೂ ಬಂತು. ಬರೆದವರು ಗಾಂಧಿ, ‘ಹರಿಜನ’ ಪತ್ರಿಕೆಯಲ್ಲಿ. ಎಂಟಾಣೆ ಬೆಲೆ ಹೆಚ್ಚಾಯಿತು, ಎರಡಾಣೆಗೋ ನಾಲ್ಕಾಣೆಗೋ ಇಳಿಸಬೇಕಿತ್ತು ಅಂತಲೂ ಬರೆದರು. ಸಾಲ ಮಾಡಿ ಪುಸ್ತಕ ತಂದ ನಮ್ಮ ಹುಡುಗರಿಗೆ ಇಂಥ ಮಾತು ಹೊಸದಲ್ಲ. ವಾದವನ್ನೂ ಒಪ್ಪಲಿಲ್ಲ ಗಾಂಧಿ. ಅಂಬೇಡ್ಕರ್ ಏನು ಮಾಡಿದರು? ಮುಖ ಊದಿಸಿಕೊಂಡು ಕೂರಲಿಲ್ಲ. ಎರಡನೆ ಮುದ್ರಣದಲ್ಲಿ ಗಾಂಧಿಯ ವಿಮರ್ಶೆಯನ್ನು ಇಡಿಯಾಗಿ ಅಚ್ಚು ಹಾಕಿ, ಅದರ ಜೊತೆಗೇ ತಮ್ಮ ಉತ್ತರ ಇಟ್ಟರು. ನಮ್ಮಲ್ಲಿ ಎಷ್ಟು ಜನ ಎರಡನೆ ಮುದ್ರಣದಲ್ಲಿ ಬೈದವರ ಲೇಖನ ಹಾಕಿದ್ದೀವಿ? ಹೊಗಳಿದ ಕಾಗದಗಳನ್ನು ಮಾತ್ರ ಆರಿಸಿ ಆರಿಸಿ ಹಾಕ್ತೀವಿ.

ವಿಚಾರಕ್ಕೆ ಕತ್ತರಿ ಹಾಕಲು ಬಂದವನನ್ನು ಹೊರಗೆ ಕಳಿಸಿ, ಪುಸ್ತಕ ಓದಿ ಜಗಳಕ್ಕೆ ಬಂದವನಿಗೆ ಚಾಪೆ ಹಾಕಿ ಅಂತಲೇ ನಾನು ಹೇಳೋದು. ನಾವು ಮಾಡ್ತಿರೋದು ತಿರುಗಾಮುರುಗಾ. ದೊಡ್ಡ ಮೇಷ್ಟ್ರಿಂದ ಮುನ್ನುಡಿ ಬೇಕು ಅಂತ ಡಿಟಿಪಿ ಮುಗಿದ ಮೇಲೆ ಅವರ ಮನೆ ಬಾಗಿಲು ಕಾಯ್ತೀವಿ. ಆಗ ಅವರು ಏನು ಹೇಳಿದರೇನು, ಒಂದು ಸಾಲೂ ಬದಲಾಗೋದಿಲ್ಲ. ಅದಕ್ಕೇ ‘ಭರವಸೆಯ ಕವಿ’ ಅಂತ ಬರೆದು ಕೈತೊಳೆದುಕೊಳ್ತಾರೆ. ಬಿಡುಗಡೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳು ‘ಪುಸ್ತಕ ಈಗತಾನೆ ಕೈ ಸೇರಿತು, ಓದಲಾಗಲಿಲ್ಲ’ ಅಂತ ಶುರುಮಾಡಿ ಮುಕ್ಕಾಲು ಗಂಟೆ ಮಾತಾಡ್ತಾರೆ. ನಾವೇ ಚಪ್ಪಾಳೆ ತಟ್ಟುತ್ತೇವೆ.

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಆ ಒಂದು ಮಾತಿಗೆ ಮಂತ್ರಿಗಿರಿ ಹೋಯಿತು, ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು. ಅಂಥ ಮಾತಿನ ಬೆನ್ನಿಗೆ ನಿಂತು ಬಂದವರು ನಾವು, ನಮ್ಮವರದೇ ಪುಸ್ತಕದಲ್ಲಿ ಬೂಸಾ ಕಂಡಾಗ ‘ಸಮುದಾಯದ ಹುಡುಗ, ಪಾಪ’ ಅಂತ ಬಾಯಿ ಮುಚ್ಚಿಕೊಳ್ಳೋದೇ? ಪಾಪ ಅನ್ನೋದು ಮೇಲಿನವರು ನಮ್ಮನ್ನು ನೋಡುವ ಕಣ್ಣು. 1979ರಲ್ಲಿ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಕೊಡಲಿಲ್ಲ, ಬೆಂಗಳೂರಿನಲ್ಲಿ ಬಂಡಾಯ ಸಮ್ಮೇಳನವನ್ನೇ ಕಟ್ಟಿದೆವು. ಸಮ್ಮೇಳನ ಕಟ್ಟಿದ ಕೈಗಳಿಗೆ ಒಂದು ಹಸ್ತಪ್ರತಿ ಓದೋದು ಭಾರವೇ? ಹೊಗಳಿಕೆ, ಮೌನ ಎರಡೂ ಸೇರಿ ಮೊದಲ ಪುಸ್ತಕಕ್ಕೇ ಮುಗಿದುಹೋದವರು ಪ್ರತಿ ತಾಲೂಕಿನಲ್ಲೂ ಇದ್ದಾರೆ. ಸಾಲ ತೀರಿಸ್ತಾ ಇದ್ದಾರೆ, ಬರೀತಾ ಇಲ್ಲ.

ಮಾಡೋಕೆ ಕೆಲಸ ಬೇಕಾದಷ್ಟಿದೆ. ಅಚ್ಚಿಗೆ ಮೊದಲು ಹಟ್ಟಿಯಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳಿ. ಅವ್ವಂದಿರು ಆಕಳಿಸಿದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಹಳ್ಳಿ ಮೇಷ್ಟ್ರುಗಳು ದಿನಾ ಅರವತ್ತು ಕಾಪಿಪುಸ್ತಕ ತಿದ್ದುವವರು, ಅವರನ್ನು ಕೇಳಿ. ಆದರೆ ಪುಕ್ಕಟೆ ಅಲ್ಲ. ಕೂಲಿಯ ಮೇಲೆ ಪದ್ಯ ಬರೆಯುವ ನಾವೇ ಕರಡು ತಿದ್ದಿದ ಹೆಣ್ಣುಮಗಳಿಗೆ ಒಂದು ಥ್ಯಾಂಕ್ಸ್ ಹೇಳಿ ಕಳಿಸಿಬಿಡ್ತೀವಿ. ಫಾರಂಗೆ ಇಷ್ಟು ಅಂತ ಕೂಲಿ ಕೊಡಿ, ಅವಳ ಹೆಸರು ಅಚ್ಚು ಹಾಕಿ. ಸಾವಿರ ಪ್ರತಿಯ ಹುಚ್ಚೂ ಬೇಡ. ಮೊಳೆ ಜೋಡಿಸುವ ಕಾಲದಲ್ಲಿ ಸಾವಿರಕ್ಕೆ ಕಮ್ಮಿ ಮಾಡಿದರೆ ಗಿಟ್ಟುತ್ತಿರಲಿಲ್ಲ. ಈಗ ಐವತ್ತೋ ನೂರೋ ತೆಗೆಸಬಹುದು. ಆ ಐವತ್ತನ್ನು ಓದುವವರ ಕೈಗೆ ಕೊಟ್ಟು, ಬೈಸಿಕೊಂಡು, ತಿದ್ದಿ, ಆಮೇಲೆ ಉಳಿದದ್ದು ತೆಗೆಸಿ. ಓಲೆ ಅಡ ಇಡೋದಾದರೂ ತಪ್ಪುತ್ತದೆ.

ಎರಡು ಪ್ರತಿ ಕೇಳುವ ಸಂಪಾದಕರಿಗೆ ಒಂದು ಮಾತು. ಬರೆಯಿರಿ, ಬೈದೇ ಬರೆಯಿರಿ, ಎಲ್ಲಿ ಸೋತಿದ್ದಾನೆ ಅಂತ ಪುಟ ಹಿಡಿದು ತೋರಿಸಿ. ಓದೋಕೆ ಪುರುಸೊತ್ತಿಲ್ಲದಿದ್ದರೆ ಪುಸ್ತಕ ವಾಪಸ್ ಕಳಿಸಿ. ಅಂಚೆ ಖರ್ಚು ನಾವೇ ಕೊಡ್ತೀವಿ. ನಮ್ಮೂರ ಶಾಲೆಯ ಲೈಬ್ರರಿ ಬೀರು ಖಾಲಿ ಇದೆ.